ಸಮ ಬಂದಾಗ

(ಬಾನುಲಿ ಭಾಷಣ)

ಮೆಲ್ಕಾರ್ ಎಂಬುದು ಹೆದ್ದಾರಿಯ ಒಂದು ಕವಲು. ಮಂಗಳೂರಿನಿಂದ ಬೆಂಗಳೂರಿನ ಕಡೆಗೆ ಹೊರಟವರು ಬಿ.ಸಿ. ರೋಡನ್ನು ಹಿಂದಕ್ಕೆ ಹಾಕಿ, ಪಾಣೆಮಂಗಳೂರಿನಲ್ಲಿ ನೇತ್ರಾವತಿಯನ್ನು ದಾಟಿ, ಕಲ್ಲಡ್ಕವನ್ನು ಮುಟ್ಟುವ ಮೊದಲು ಸಿಗುವ ಊರು ಅದು. ಮುಡಿಪು, ಕೊಣಾಜೆಗಳ ಕಡೆಗೆ ಹೋಗುವವರು ಇಲ್ಲಿ ತಿರುಗಿಕೊಳ್ಳುತ್ತಾರೆ. ಊರಿಗೆಂದು ಬಂದು ಇಳಿಯುವವರಿಗಿಂತ ಬಸ್ಸು ಬದಲಿಸಲೆಂದು ಇಳಿಯುವವರೇ ಹೆಚ್ಚು. ನಾನು ಈ ಊರಿನವನೇ ಆದರೂ ನನ್ನ ಆಯುಷ್ಯದ ದೊಡ್ಡದೊಂದು ಪಾಲನ್ನು ಈ ಕವಲಿನಲ್ಲಿ ಬಸ್ಸಿಗಾಗಿ ಕಾಯುವುದರಲ್ಲಿಯೇ ಕಳೆದಿದ್ದೇನೆ. ಕಾಯುವವನಿಗೆ ಓದಲು ಏನಾದರೂ ಬೇಕು. ಮಳೆಗಾಲ ಮುಗಿದು ಕೊಯ್ಲಿನ ದಿನಗಳು ಬಂದವೆಂದರೆ ನನಗೆ ಓದಲು ಸಿಗುವುದು ಕಂಬಳದ ಫಲಕಗಳು. ಅವುಗಳ ಸಾಹಿತ್ಯವನ್ನು ಯಾರೂ ವಿಮರ್ಶಿಸಿದ್ದಿಲ್ಲ. ಆದರೆ ಹೆಸರುಗಳನ್ನಿಡುವುದರಲ್ಲಿ ನಮ್ಮವರ ಜಾಣ್ಮೆಯನ್ನು ಕಾಣಬೇಕಾದರೆ ಅವುಗಳನ್ನೇ ಓದಬೇಕು.

ಜೋಡುಕರೆ ಕಂಬಳವೆಂದರೆ ಅಕ್ಕಪಕ್ಕದಲ್ಲಿ ಎರಡು ಕೆಸರಿನ ಓಟದ ದಾರಿಗಳು. ಆ ಎರಡು ಕರೆಗಳಿಗೂ ಒಂದೊಂದು ಹೆಸರು ಇರುತ್ತದೆ. ಮೂಡುಬಿದಿರೆಯವು ಕೋಟಿ ಮತ್ತು ಚೆನ್ನಯ. ವೇಣೂರಿನವು ಸೂರ್ಯ ಮತ್ತು ಚಂದ್ರ. ಕಕ್ಯಪದವಿನವು ಸತ್ಯ ಮತ್ತು ಧರ್ಮ. ಹೊಕ್ಕಾಡಿಗೋಳಿಯವು ವೀರ ಮತ್ತು ವಿಕ್ರಮ. ನಮ್ಮ ಬಂಟ್ವಾಳದವು ಮೂಡೂರು, ಪಡೂರು. ಇನ್ನೂ ಆಚೆಗೆ ಹೋದರೆ ಮಿಯಾರಿನಲ್ಲಿ ಲವ ಕುಶರು, ಐಕಳದಲ್ಲಿ ಕಾಂತಾಬಾರೆ ಬೂದಾಬಾರೆಯರು. ಹೆಚ್ಚಿನವರು ಅವಳಿಗಳು, ಅಲ್ಲದಿದ್ದರೂ ಒಬ್ಬನನ್ನು ಬಿಟ್ಟು ಇನ್ನೊಬ್ಬನನ್ನು ಹೇಳಲಾಗದ ಜೋಡಿಗಳು. ಕೋಟಿ ಹೆಚ್ಚೋ ಚೆನ್ನಯ ಹೆಚ್ಚೋ ಎಂದು ತುಳುನಾಡಿನ ಯಾವ ಗರಡಿಯ ಮುಂದೆಯಾದರೂ ಕೇಳಿ ನೋಡಿ. ಉತ್ತರ ಸಿಗುವ ಮೊದಲು ನಿಮ್ಮನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡುವರು. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಕಂಬಳ ಹೋದಾಗ ಅಲ್ಲಿಯ ಕರೆಗಳಿಗೆ ರಾಜ, ಮಹಾರಾಜ ಎಂದು ಹೆಸರಿಟ್ಟರು. ರಾಜನಿಗಿಂತ ಮಹಾರಾಜನು ಒಂದು ಮೆಟ್ಟಿಲು ಮೇಲಲ್ಲವೆ? ರಾಜಧಾನಿಯ ಗಾಳಿ ತಗುಲಿದೊಡನೆ ಸಮಾನತೆ ಸ್ವಲ್ಪ ಜಾರಿತೆಂದು ನಾನು ತಮಾಷೆಗೆ ಹೇಳುವುದುಂಟು.

ಹೀಗೆ ಸಮಾನರ ಹೆಸರಿನ ಎರಡು ಕರೆಗಳನ್ನು ಕಟ್ಟಿ, ಅವುಗಳಲ್ಲಿ ಎರಡು ಜೊತೆ ಕೋಣಗಳನ್ನು ಓಡಿಸಿ, ಕೊನೆಗೆ ಒಂದೇ ಜೊತೆ ಗೆದ್ದಿತೆಂದು ಹೇಳಬೇಕಾದ ಆಟ ಇದು. ಗಂತಿನಲ್ಲಿ ಬಿಟ್ಟ ಕೋಣಗಳು ಮಂಜೊಟ್ಟಿಯನ್ನು ಏರುವುದಕ್ಕೆ ಹದಿನೈದು ಸೆಕೆಂಡು ಬೇಡ. ಅಷ್ಟಕ್ಕಾಗಿ ಒಂದು ವರ್ಷ ಹುರುಳಿ ಬೇಯಿಸಿ, ಎಣ್ಣೆ ತಿಕ್ಕಿ, ಕೋಣಗಳನ್ನು ಈಜಿಸಿ ಸಾಕಿರುತ್ತಾರೆ. ಗೆದ್ದರೆ ಪವನಿನ ಲೆಕ್ಕದಲ್ಲಿ ಚಿನ್ನ ಬರುತ್ತದೆ; ಆ ಚಿನ್ನ ಹುರುಳಿಯ ಖರ್ಚಿಗೂ ಸಾಲದು. ಯಜಮಾನರು ಓಡಿಸುವುದು ಚಿನ್ನಕ್ಕಲ್ಲ, ಧ್ವನಿವರ್ಧಕದಲ್ಲಿ ಮನೆತನದ ಹೆಸರು ಬರುವುದಕ್ಕೆ. ಆದುದರಿಂದಲೇ ಒಂದು ಮೂಗಿನ ಅಂತರದ ಬಗ್ಗೆ ಇಲ್ಲಿ ನಡೆಯುವ ವಾಗ್ವಾದ ಉಚ್ಚ ನ್ಯಾಯಾಲಯದಲ್ಲಿಯೂ ನಡೆಯಲಾರದು.

ಕಂಬಳದಲ್ಲಿ ವಿಭಾಗಗಳಿವೆ: ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ. ಹಗ್ಗ, ನೇಗಿಲುಗಳಲ್ಲಿ ಹಿರಿಯ, ಕಿರಿಯ ಎಂಬ ಭೇದವೂ ಇದೆ. ಇವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಕನೆಹಲಗೆ. ಓಡಿಸುವಾತನು ತೂತುಗಳಿರುವ ಹಲಗೆಯೊಂದರ ಮೇಲೆ ಕಾಲನ್ನೂರಿ ನಿಲ್ಲುತ್ತಾನೆ. ಕೋಣಗಳು ಓಡಿದಂತೆ ತೂತಿನಿಂದ ಕೆಸರುನೀರು ಕಾರಂಜಿಯಾಗಿ ಚಿಮ್ಮುತ್ತದೆ. ಮೇಲೆ ಅಡ್ಡಲಾಗಿ ಕಟ್ಟಿದ ಬಟ್ಟೆಯ ನಿಶಾನೆಗೆ ಆ ನೀರು ತಾಗಬೇಕು. ನಿಶಾನೆಯ ಎತ್ತರವನ್ನು ಕೋಲಿನಲ್ಲಿ ಅಳೆಯುತ್ತಾರೆ: ಆರೂವರೆ ಕೋಲು, ಏಳೂವರೆ ಕೋಲು. ಇಲ್ಲಿ ಯಾರೂ ಯಾರನ್ನೂ ಸೋಲಿಸಬೇಕಾಗಿಲ್ಲ. ನೀರು ತಾಗಿಸಿದವರು ಮೂವರಿದ್ದರೆ ಮೂವರಿಗೂ ಸಮಾನ ಬಹುಮಾನ. ಗೆಲುವು ಎಂಬುದು ಮೇಲೆ ಕಟ್ಟಿದ ಒಂದು ಬಟ್ಟೆ. ಅದು ಒದ್ದೆಯಾಯಿತೋ ಇಲ್ಲವೋ ಎಂಬುದನ್ನು ಕರೆಯ ಬದುವಿನ ಮೇಲೆ ಕುಳಿತ ಮಗುವೂ ಹೇಳಬಲ್ಲದು. ಎಲ್ಲ ಸ್ಪರ್ಧೆಗಳನ್ನೂ ಕನೆಹಲಗೆಯಂತೆ ಮಾಡಬಾರದಿತ್ತೇ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಆದರೆ ಹಗ್ಗದ ಹಿರಿಯ ವಿಭಾಗದ ಅಂತಿಮ ಓಟವನ್ನು ನೋಡುವುದಕ್ಕೆ ನಿದ್ದೆಗೆಟ್ಟು ಬೆಳಗಿನ ಜಾವದವರೆಗೆ ಕಾಯುವ ಜನ ಕನೆಹಲಗೆಗೆ ಅಷ್ಟು ಕಾಯುವುದಿಲ್ಲ. ಮನುಷ್ಯರಿಗೆ ಒಬ್ಬರು ಸೋಲುವುದು ಬೇಕು.

ಸಮಯವನ್ನೇ ಅಳೆದು ತೀರ್ಮಾನಿಸಿದರಾಯಿತಲ್ಲ ಎಂದು ನೀವು ಕೇಳಬಹುದು. ಈಗ ಲೇಸರ್ ಕಿರಣ ಬಂದಿದೆ. ಸೆಕೆಂಡಿನ ನೂರರಲ್ಲೊಂದು ಭಾಗವನ್ನೂ ಅದು ಹೇಳುತ್ತದೆ. 2020ರ ಫೆಬ್ರುವರಿ ಒಂದರಂದು ಐಕಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು ನೂರ ನಲವತ್ತೆರಡೂವರೆ ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಅವರನ್ನು ಉಸೇನ್ ಬೋಲ್ಟ್‌ಗೆ ಹೋಲಿಸಿತು. ಹೋಲಿಸಿದವರು ಎರಡು ಸಂಗತಿಗಳನ್ನು ಮರೆತರು. ಒಂದು, ಅವರ ಮುಂದೆ ಎರಡು ಕೋಣಗಳಿದ್ದವು. ಇನ್ನೊಂದು, ಕರೆಗಳ ಉದ್ದ ಊರಿಂದೂರಿಗೆ ಬೇರೆ, ಮಣ್ಣು ಬೇರೆ, ನೀರಿನ ಆಳವೂ ಬೇರೆ. ಐಕಳದ ಸೆಕೆಂಡನ್ನು ವೇಣೂರಿಗೆ ತಂದು ತೂಗಲಾಗದು. ಯಾವ ಜೊತೆ ಮೇಲು ಎಂದು ತಿಳಿಯಬೇಕಾದರೆ ಎರಡನ್ನೂ ಒಂದೇ ಊರಿನಲ್ಲಿ, ಒಂದೇ ಹೊತ್ತಿನಲ್ಲಿ, ಅಕ್ಕಪಕ್ಕದಲ್ಲಿ ಬಿಡಬೇಕು. ಹಾಗೆ ಬಿಡುವ ಅವಕಾಶ ವರ್ಷಕ್ಕೆ ಎಷ್ಟು ಸಲ ಬರುತ್ತದೆಂಬುದು ದಿನಾಂಕಗಳನ್ನು ಅವಲಂಬಿಸಿದೆ.

ದಿನಾಂಕಗಳ ಮಾತು ಬಂದರೆ ನಾವು ಕರೆಯನ್ನು ಬಿಟ್ಟು ಕೋಣೆಯೊಳಕ್ಕೆ ಬಂದೆವೆಂದೇ ಅರ್ಥ. ಋತುವಿಗೆ ಮುಂಚೆ ಜಿಲ್ಲಾ ಕಂಬಳ ಸಮಿತಿಯವರು ಸೇರಿ ಯಾವ ವಾರ ಯಾವ ಊರು ಎಂದು ಪಟ್ಟಿ ಮಾಡುತ್ತಾರೆ. ನವೆಂಬರಿನಿಂದ ಮಾರ್ಚ್ ಏಪ್ರಿಲ್‌ವರೆಗೆ ಇರುವ ಶನಿವಾರ ಭಾನುವಾರಗಳು ಎಷ್ಟೆಂಬುದನ್ನು ಪಂಚಾಂಗ ಹೇಳುತ್ತದೆ. ಕಂಬಳವಾಗಬೇಕೆಂಬ ಊರುಗಳು ಎಷ್ಟೆಂಬುದನ್ನು ಪಂಚಾಂಗ ಹೇಳುವುದಿಲ್ಲ. ಒಂದೇ ದಿನ ಎರಡು ಕಡೆ ಇಟ್ಟರೆ ಕೋಣಗಳು ಹಂಚಿಹೋಗುತ್ತವೆ. ಮಾರ್ಚಿಗೆ ಹಾಕಿದರೆ ಬಿಸಿಲಿಗೆ ಕೋಣಗಳು ಬಸವಳಿಯುತ್ತವೆ. ನೀರು ಹಾಯಿಸುವ ಕಷ್ಟ ಬೇರೆ. ಡಿಸೆಂಬರು, ಜನವರಿಗಳ ತಂಪು ವಾರಗಳು ಎಲ್ಲರಿಗೂ ಬೇಕು. ಜಾತ್ರೆ, ನೇಮ, ಕೋಲಗಳ ದಿನಗಳನ್ನೂ ತಪ್ಪಿಸಬೇಕು. 2014ರ ತೀರ್ಪಿನಿಂದ ಮೊದಲ್ಗೊಂಡು 2023ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ರಾಜ್ಯದ ಕಾನೂನನ್ನು ಎತ್ತಿಹಿಡಿಯುವವರೆಗೆ ಕಂಬಳವೇ ಇರುವುದೋ ಇಲ್ಲವೋ ಎಂಬ ಚಿಂತೆಯಿತ್ತು. ಆ ಚಿಂತೆ ಕಳೆದೊಡನೆ ಹಳೆಯ ಚಿಂತೆ ಮತ್ತೆ ಬಂತು: ನಮ್ಮ ಊರಿಗೆ ಯಾವ ವಾರ?

ಭೂಮಿಯ ಇನ್ನೊಂದು ಬದಿಯಲ್ಲಿಯೂ ಜನ ಇದೇ ಚಿಂತೆಯಲ್ಲಿ ಚಳಿಗಾಲವನ್ನು ಕಳೆಯುತ್ತಾರೆಂದು ನನಗೆ ಗೊತ್ತಿರಲಿಲ್ಲ. ನನ್ನ ತಂಗಿಯ ಮಗ ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಕೆಲವು ವರ್ಷಗಳ ಹಿಂದೆ ಅವನ ಒತ್ತಾಯಕ್ಕೆ ಹೋಗಿ ಮೂರು ತಿಂಗಳು ಅಲ್ಲಿದ್ದೆ. ನವೆಂಬರಿನ ಒಂದು ಶನಿವಾರ ಬೆಳಗ್ಗೆ ನೋಡಿದರೆ ಬೀದಿಗೆ ಬೀದಿಯೇ ಕೆಂಪಂಗಿ ತೊಟ್ಟು ಹೊರಟಿದೆ. ‘ಇವತ್ತು ಏನು ಜಾತ್ರೆ?’ ಎಂದೆ. ‘ಕಾಲೇಜಿನ ಫುಟ್ಬಾಲ್, ಮಾವ. ಇವತ್ತು ಮಿಚಿಗನ್ ಜೊತೆಗೆ’ ಎಂದ. ಹೆಸರಿಗೆ ಅದು ಫುಟ್ಬಾಲ್. ಚೆಂಡು ಹೆಚ್ಚಾಗಿ ಇರುವುದು ಕೈಯಲ್ಲಿಯೇ. ವಿಶ್ವವಿದ್ಯಾನಿಲಯವೊಂದರ ವಿದ್ಯಾರ್ಥಿಗಳ ಆಟವನ್ನು ನೋಡುವುದಕ್ಕೆ ಲಕ್ಷಕ್ಕೂ ಮೀರಿ ಜನ ಕುಳಿತುಕೊಳ್ಳುವ ಕ್ರೀಡಾಂಗಣ ಅಲ್ಲಿದೆ. ನಮ್ಮ ಕಾಲೇಜುಗಳ ಪಂದ್ಯಗಳಲ್ಲಿ ಆಟಗಾರರಿಗಿಂತ ಪ್ರೇಕ್ಷಕರು ಹೆಚ್ಚಾಗಿದ್ದರೆ ನಾವು ವರದಿಯಲ್ಲಿ ಬರೆದುಕೊಳ್ಳುತ್ತಿದ್ದೆವು.

ಅಲ್ಲಿಯ ಕಾಲೇಜುಗಳು ಹಲವು ಸೇರಿ ಒಂದೊಂದು ಕೂಟ ಕಟ್ಟಿಕೊಂಡಿವೆ. ಕೂಟದೊಳಗೆ ಆಡಿ ಮೇಲೆ ಬಂದವರಿಗೆ ವರ್ಷಾರಂಭದಲ್ಲಿ ದೊಡ್ಡ ಪಂದ್ಯವೊಂದರ ಆಮಂತ್ರಣ ಬರುತ್ತದೆ. ಆ ಪಂದ್ಯಗಳನ್ನು ‘ಬೌಲ್’ ಎನ್ನುತ್ತಾರೆ. ಬೋಗುಣಿಯಾಕಾರದ ಕ್ರೀಡಾಂಗಣದಿಂದ ಬಂದ ಹೆಸರದು. ಕ್ಯಾಲಿಫೋರ್ನಿಯಾದ ಪಸಡೀನದ ‘ರೋಸ್ ಬೌಲ್’ ಅವುಗಳಲ್ಲಿ ಎಲ್ಲಕ್ಕಿಂತ ಹಿರಿಯದು. ಮೊದಲ ಪಂದ್ಯ ನಡೆದದ್ದು 1902ರಲ್ಲಿ. ಒಂದೊಂದು ಊರಿಗೆ ಒಂದೊಂದು ಬೌಲ್, ಅದಕ್ಕೊಂದು ಸಮಿತಿ, ಸಮಿತಿಗೆ ಒಂದು ದಿನಾಂಕ, ಮುಖ್ಯ ಅತಿಥಿಗಳು, ಮೆರವಣಿಗೆ. ಇಷ್ಟು ಕೇಳಿದಾಗ ನನಗೆ ಮನೆಯ ನೆನಪಾಯಿತೆಂದರೆ ಆಶ್ಚರ್ಯವಿಲ್ಲ.

ಸೋದರಳಿಯನ ನೆರೆಮನೆಯಲ್ಲಿ ವೃದ್ಧರೊಬ್ಬರಿದ್ದರು. ಅವರು ಓದಿದ್ದು ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿ; ಅಂದರೆ ಆ ಬೀದಿಯ ಮಟ್ಟಿಗೆ ಶತ್ರು ಪಾಳೆಯದವರು. ಆ ಶನಿವಾರ ಸಂಜೆ ಬೇಲಿಯ ಬಳಿ ನಿಂತು ನನಗೆ ಒಂದು ಕಥೆ ಹೇಳಿದರು. 1973ರ ನವೆಂಬರ್ 24. ಓಹಾಯೋ ಸ್ಟೇಟ್, ಮಿಚಿಗನ್ ಎರಡೂ ಆ ವರ್ಷ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಆನ್ ಆರ್ಬರಿನಲ್ಲಿ ಎದುರುಬದುರಾದವು. ಗೆದ್ದವರಿಗೆ ರೋಸ್ ಬೌಲ್. ಆಟ ಮುಗಿದಾಗ ಹತ್ತು–ಹತ್ತು. ಸಮ. ಆಗಿನ ನಿಯಮದಂತೆ ಹೆಚ್ಚಿನ ಸಮಯದ ಆಟವಿರಲಿಲ್ಲ. ಹಿಂದಿನ ವರ್ಷ ಓಹಾಯೋ ಹೋಗಿತ್ತು. ಒಂದೇ ತಂಡ ಎರಡು ವರ್ಷ ಸತತ ಹೋಗಬಾರದೆಂದು ಹಿಂದೊಂದು ಕಟ್ಟುಪಾಡಿದ್ದರೂ ಅದು ಆಗಲೇ ರದ್ದಾಗಿತ್ತು. ಆದರೂ ಈ ಸಲ ಮಿಚಿಗನ್ ಹೋಗುವುದೆಂದೇ ಎಲ್ಲರೂ ತಿಳಿದಿದ್ದರು. ಮರುದಿನ ಕೂಟದ ಹತ್ತು ಕಾಲೇಜುಗಳ ಕ್ರೀಡಾ ನಿರ್ದೇಶಕರು ಮತ ಹಾಕಿದರು. ಓಹಾಯೋಗೆ ಆರು, ಮಿಚಿಗನ್‌ಗೆ ನಾಲ್ಕು.

ಮಿಚಿಗನ್ನಿನ ಮುಖ್ಯ ಆಟಗಾರ ಡೆನಿಸ್ ಫ್ರಾಂಕ್ಲಿನ್ನನ ಕೊರಳೆಲುಬು ಆ ಪಂದ್ಯದ ಕೊನೆಯ ಭಾಗದಲ್ಲಿ ಮುರಿದಿತ್ತು. ಅವನಿಲ್ಲದ ತಂಡವನ್ನು ಕಳುಹಿಸಿದರೆ ಕೂಟಕ್ಕೆ ಮತ್ತೊಂದು ಸೋಲಾಗುವುದೆಂಬ ಭಯ. ಏಕೆಂದರೆ ಅದಕ್ಕೆ ಹಿಂದಿನ ನಾಲ್ಕು ವರ್ಷವೂ ರೋಸ್ ಬೌಲಿನಲ್ಲಿ ಅವರ ಕೂಟವೇ ಸೋತಿತ್ತು. ಎಲುಬು ಮುರಿದದ್ದು ಆಟದಲ್ಲಿ, ಲೆಕ್ಕ ಹಾಕಿದ್ದು ಕೋಣೆಯಲ್ಲಿ. ಲೆಕ್ಕ ತಪ್ಪಲಿಲ್ಲವೆನ್ನಿ: ಓಹಾಯೋ ಹೋಗಿ 42–21ರಿಂದ ಗೆದ್ದೇ ಬಂದಿತು. ಆಗಿನ ಕಟ್ಟಳೆಯಂತೆ ಕೂಟದಿಂದ ಬೇರೆ ಯಾವ ಬೌಲಿಗೂ ಯಾರೂ ಹೋಗುವಂತಿರಲಿಲ್ಲ. ಸೋಲದ ಮಿಚಿಗನ್ ಮನೆಯಲ್ಲಿ ಕುಳಿತಿತು. ಆ ಕಟ್ಟಳೆಯನ್ನು 1975ರಲ್ಲಿ ಸಡಿಲಿಸಿದರು. ‘ನಾವು ಸೋಲಲಿಲ್ಲ. ನಮ್ಮನ್ನು ಎಣಿಸಿ ಕಳೆದರು’ ಎಂದು ಆ ವೃದ್ಧರು ಹೇಳಿದರು. ನಾಲ್ಕು ದಶಕ ಕಳೆದರೂ ಅವರ ಧ್ವನಿಯಲ್ಲಿ ನಿನ್ನೆಯ ಸಿಟ್ಟಿತ್ತು.

ಕೋಣೆಯ ತೀರ್ಮಾನ ಓಹಾಯೋಗೂ ಒಮ್ಮೆ ತಿರುಗಿ ಬಡಿದಿತ್ತೆಂದು ಸೋದರಳಿಯ ಆಮೇಲೆ ಹೇಳಿದ. 1961ರಲ್ಲಿ ರೋಸ್ ಬೌಲಿನ ಆಮಂತ್ರಣ ಬಂದಾಗ ಅಲ್ಲಿಯ ಅಧ್ಯಾಪಕರ ಮಂಡಳಿಯೇ 28–25 ಮತಗಳಿಂದ ಅದನ್ನು ನಿರಾಕರಿಸಿತಂತೆ. ಆಟ ಪಾಠವನ್ನು ನುಂಗುತ್ತಿದೆ ಎಂಬ ಅಳಲು. ಅಧ್ಯಾಪಕನಾಗಿದ್ದ ನನಗೆ ಆ ಇಪ್ಪತ್ತೆಂಟು ಜನರ ಮೇಲೆ ಗೌರವ ಹುಟ್ಟಿತು. ವಿದ್ಯಾರ್ಥಿಗಳಿಗೆ ಹುಟ್ಟಲಿಲ್ಲ, ಅವರು ಬೀದಿಗಿಳಿದು ದೊಂಬಿ ಎಬ್ಬಿಸಿದರು.

ಇನ್ನೊಂದು ಪ್ರಸಂಗ 2008ರದು. ಟೆಕ್ಸಸ್ ತಂಡ ಓಕ್ಲಹೋಮವನ್ನು ಸೋಲಿಸಿತು. ಟೆಕ್ಸಸ್ ಟೆಕ್ ತಂಡ ಟೆಕ್ಸಸನ್ನು ಸೋಲಿಸಿತು. ಓಕ್ಲಹೋಮ ತಂಡ ಟೆಕ್ಸಸ್ ಟೆಕ್ಕನ್ನು ಸೋಲಿಸಿತು. ಕಲ್ಲು, ಕತ್ತರಿ, ಕಾಗದದ ಆಟದಂತೆ ಚಕ್ರ ಪೂರ್ತಿಯಾಯಿತು. ಮೂವರಿಗೂ ತಮ್ಮ ಕೂಟದಲ್ಲಿ ಏಳು ಗೆಲುವು, ಒಂದು ಸೋಲು. ಒಂದರ ಹಿಂದೆ ಒಂದರಂತೆ ನಿಯಮಗಳನ್ನು ಹಚ್ಚಿ ನೋಡಿದರೂ ಗಂಟು ಬಿಡಲಿಲ್ಲ. ಕೊನೆಗೆ ದೇಶದ ಶ್ರೇಯಾಂಕ ಪಟ್ಟಿಯಲ್ಲಿ ಯಾರು ಮೇಲಿದ್ದಾರೆಂದು ನೋಡಿದರು. ಆ ಪಟ್ಟಿಯಲ್ಲಿ ಮೂರರಲ್ಲಿ ಎರಡು ಪಾಲು ಮನುಷ್ಯರ ಮತ, ಒಂದು ಪಾಲು ಕಂಪ್ಯೂಟರಿನದು. ಓಕ್ಲಹೋಮಕ್ಕೆ ಅವಕಾಶ ಸಿಕ್ಕಿತು. ‘ನಾವು ಅವರನ್ನು 45–35ರಿಂದ ಎದುರೆದುರೇ ಸೋಲಿಸಿಲ್ಲವೆ?’ ಎಂದು ಟೆಕ್ಸಸಿನವರು ಕೇಳಿದರು. ಕೇಳಿದ್ದು ನ್ಯಾಯವೇ, ಆದರೆ ಅದೇ ಪ್ರಶ್ನೆಯನ್ನು ಟೆಕ್ಸಸ್ ಟೆಕ್ಕಿನವರು ಟೆಕ್ಸಸಿನವರಿಗೂ ಕೇಳಬಹುದಿತ್ತು.

ಈ ಕೊನೆಯ ಕಥೆಯನ್ನು ಸೋದರಳಿಯ ನಗುತ್ತ ಹೇಳುತ್ತಿದ್ದ. ನನಗೆ ನಗು ಬರಲಿಲ್ಲ. ಏಕೆಂದರೆ ಆ ಚಕ್ರವನ್ನು ನಾನು ಕಂಡಿದ್ದೆ. ಅದರ ಮುಂದೆ ಕೈಯೆತ್ತಿದವರಲ್ಲಿ ನಾನೂ ಒಬ್ಬ. ಕಥೆ ನಮ್ಮ ಕಡೆಯದೇ. ಕಾಲೇಜುಗಳ ಹೆಸರನ್ನು ಹೇಳುವುದು ಬೇಡ. ನಾಲ್ಕು ದಶಕಗಳಿಗೂ ಮೇಲಾಯಿತು; ಕೈಯೆತ್ತಿದವರಲ್ಲಿ ಕೆಲವರು ಈಗಿಲ್ಲ.

ಆರು ಕಾಲೇಜುಗಳು ಸೇರಿ ಒಂದು ಫುಟ್ಬಾಲ್ ಪಂದ್ಯಾವಳಿಯನ್ನು ನಡೆಸುತ್ತಿದ್ದವು. ಇದು ಕಾಲಿನಲ್ಲಿ ಆಡುವ ಫುಟ್ಬಾಲ್. ಆ ವರ್ಷ ನಮ್ಮ ಕಾಲೇಜು ಅತಿಥೇಯ. ನಾನು ಕಲಿಸುತ್ತಿದ್ದುದು ಭಾಷೆಯನ್ನು. ಆದರೆ ಪ್ರಾಯದಲ್ಲಿ ಕಿರಿಯನೆಂಬ ಏಕೈಕ ಅರ್ಹತೆಯಿಂದ ಕ್ರೀಡೆಯ ಹೊಣೆಯೂ ನನ್ನ ಹೆಗಲಿಗೆ ಬಿದ್ದಿತ್ತು. ಮೂರು ಮೂರು ತಂಡಗಳ ಎರಡು ಗುಂಪು. ಒಂದು ಗುಂಪಿನಿಂದ ನಮ್ಮ ಹುಡುಗರು ಅಂತಿಮ ಪಂದ್ಯಕ್ಕೆ ಬಂದಿದ್ದರು. ಇನ್ನೊಂದು ಗುಂಪಿನಲ್ಲಿ ಮೂರು ತಂಡಗಳೂ ಒಂದನ್ನೊಂದು ಒಂದು–ಸೊನ್ನೆಯಿಂದ ಸೋಲಿಸಿ ಕುಳಿತಿದ್ದವು. ಅಂಕ ಸಮ, ಗೋಲಿನ ಅಂತರ ಸಮ, ಹೊಡೆದ ಗೋಲೂ ಸಮ. ನಿಯಮಾವಳಿಯನ್ನು ಸೈಕ್ಲೋಸ್ಟೈಲ್ ಮಾಡಿಸಿದವನು ನಾನೇ. ಅದರ ಕೊನೆಯ ವಾಕ್ಯ ಹೀಗಿತ್ತು: ‘ಇತರ ಎಲ್ಲ ವಿಷಯಗಳಲ್ಲಿ ಸಮಿತಿಯ ತೀರ್ಮಾನವೇ ಅಂತಿಮ.’ ಬರೆಯುವಾಗ ಆ ವಾಕ್ಯ ಬಹಳ ಗಂಭೀರವಾಗಿದೆಯೆಂದು ಮೆಚ್ಚಿಕೊಂಡಿದ್ದೆ. ಮುಂದೆ ಯೋಚಿಸಲು ಸೋಮಾರಿತನವಾದವರು ಬರೆಯುವ ವಾಕ್ಯ ಅದೆಂದು ಆಗ ತಿಳಿದಿರಲಿಲ್ಲ.

ಸಮಿತಿ ಸಂಜೆ ಸೇರಿತು. ಕಾಲೇಜಿಗೊಬ್ಬರಂತೆ ಆರು ಜನ. ಅಧ್ಯಕ್ಷರಾಗಿ ನಮ್ಮ ಪ್ರಾಂಶುಪಾಲರು. ಮತ್ತೆ ಆಡಿಸಲು ದಿನವಿಲ್ಲ. ಮರುದಿನ ಅಂತಿಮ ಪಂದ್ಯ, ಅತಿಥಿಗಳಿಗೆ ಹೇಳಿಯಾಗಿತ್ತು. ಮೂರು ತಂಡಗಳಲ್ಲಿ ಒಂದು ಕಳೆದ ವರ್ಷ ಗೆದ್ದದ್ದು, ಹೆಸರಿನದು. ಇನ್ನೊಂದು ಹೇಗೋ ಬಂದು ಸೇರಿದ್ದು. ಮೂರನೆಯದು ಹೊಸ ಕಾಲೇಜಿನದು. ಅದರ ಹುಡುಗರು ಮೊದಲ ಬಸ್ಸಿಗೆ ಬಂದು ಕೊನೆಯ ಬಸ್ಸಿಗೆ ಹೋಗುತ್ತಿದ್ದರು. ಕೆಲವರು ಬರಿಗಾಲಿನಲ್ಲಿ ಆಡುತ್ತಿದ್ದರು. ಕೊಯ್ಲಾದ ಗದ್ದೆಯಲ್ಲಿ ಕಲಿತ ಆಟ ಅವರದು. ನಮ್ಮ ಹುಡುಗರು ನಿಜವಾಗಿ ಹೆದರಿದ್ದುದು ಅವರಿಗೆ.

‘ಚೀಟಿ ಎತ್ತೋಣ’ ಎಂದರು ಆ ಹೊಸ ಕಾಲೇಜಿನ ಅಧ್ಯಾಪಕರು. 1968ರಲ್ಲಿ ಯುರೋಪಿನ ಚಾಂಪಿಯನ್‌ಷಿಪ್ಪಿನ ಉಪಾಂತ್ಯದಲ್ಲಿ ಇಟಲಿ, ಸೋವಿಯತ್ ತಂಡಗಳು ಸಮವಾದಾಗ ನಾಣ್ಯ ಚಿಮ್ಮಿ ತೀರ್ಮಾನಿಸಿದ್ದನ್ನು ನೆನಪಿಸಿದರು. ‘ಇದೇನು ಜೂಜೇ? ವಿದ್ಯಾಸಂಸ್ಥೆಗಳ ಘನತೆಗೆ ತಕ್ಕುದಲ್ಲ’ ಎಂದು ಇನ್ನೊಬ್ಬರು ತಡೆದರು. ನಾವೆಲ್ಲ ತಲೆದೂಗಿದೆವು. ಘನತೆ ಎಂಬ ಶಬ್ದ ಬಂದ ಮೇಲೆ ತಲೆದೂಗದೆ ಇರುವುದು ಕಷ್ಟ. ಮತಕ್ಕೆ ಹಾಕಿದರು. ಮೂರು ಕಾಲೇಜಿನವರೂ ತಮ್ಮ ತಮ್ಮ ತಂಡಕ್ಕೇ ಕೈಯೆತ್ತಿದರು. ಉಳಿದ ಮೂವರಲ್ಲಿ ಒಬ್ಬರು ಹಳೆಯ ವಿಜೇತರಿಗೆ, ಒಬ್ಬರು ಹೊಸ ಹುಡುಗರಿಗೆ. ಎರಡು, ಎರಡು, ಒಂದು. ಕೊನೆಯ ಕೈ ನನ್ನದು.

ನಾನು ಯೋಚಿಸಿದೆನೆಂದು ಹೇಳಿಕೊಳ್ಳಲಾರೆ. ಯೋಚಿಸಿದ್ದರೆ ಚೀಟಿಯೇ ಮೇಲೆನ್ನುತ್ತಿದ್ದೆ. ಪ್ರಾಂಶುಪಾಲರು ನನ್ನನ್ನು ನೋಡಿದರು, ಏನನ್ನೂ ಹೇಳಲಿಲ್ಲ. ‘ಕಳೆದ ವರ್ಷದ ವಿಜೇತರೆಂಬ ಪರಂಪರೆಯ ದೃಷ್ಟಿಯಿಂದ’ ಎಂದು ಒಂದು ಪೀಠಿಕೆ ಹಾಕಿ ನಾನು ಕೈಯೆತ್ತಿದೆ. ಒಳ್ಳೆಯ ಕನ್ನಡದ ವಾಕ್ಯವದು. ಮರುದಿನ ನಮ್ಮ ಹುಡುಗರು ಗೆದ್ದರು. ಆ ಕಪ್ಪನ್ನು ಗಾಜಿನ ಕಪಾಟಿನಲ್ಲಿಟ್ಟಿದ್ದರು. ನಾನು ನಿವೃತ್ತನಾಗುವವರೆಗೆ ಪ್ರತಿದಿನ ಅದರ ಮುಂದೆಯೇ ಹಾದು ತರಗತಿಗೆ ಹೋಗುತ್ತಿದ್ದೆ.

ತೀರ್ಮಾನವನ್ನು ಹೇಳಲು ಹೊರಗೆ ಬಂದವನೂ ನಾನೇ. ಜಗಲಿಯಲ್ಲಿ ಹೊಸ ಕಾಲೇಜಿನ ನಾಯಕ ನಿಂತಿದ್ದ. ಮೆಲ್ಕಾರಿನಿಂದ ಮುಡಿಪಿನ ದಾರಿಯಲ್ಲಿ ಒಳಗೊಂದು ಹಳ್ಳಿಯ ಹುಡುಗ. ಕೈಯಲ್ಲಿ ಚೀಲ, ಬಸ್ಸಿನ ಹೊತ್ತಾಗಿತ್ತು. ನಾನು ಹೇಳಿದುದನ್ನು ಪೂರ್ತಿ ಕೇಳಿದ. ಜಗಳ ಮಾಡಲಿಲ್ಲ. ‘ಸರ್, ನಾವು ಸೋತದ್ದು ಎಲ್ಲಿ?’ ಎಂದು ಕೇಳಿದ. ವ್ಯಂಗ್ಯವಿರಲಿಲ್ಲ, ತಿಳಿಯದ ಲೆಕ್ಕವನ್ನು ಮೇಷ್ಟ್ರ ಹತ್ತಿರ ಕೇಳುವಂತೆ ಕೇಳಿದ್ದ. ನನ್ನಲ್ಲಿ ಉತ್ತರವಿರಲಿಲ್ಲ. ‘ಮುಂದಿನ ವರ್ಷ ನೋಡೋಣ’ ಎಂದೆ. ಅವನದು ಅಂತಿಮ ವರ್ಷವೆಂದು ಆಮೇಲೆ ತಿಳಿಯಿತು.

ಆತ ಈಗ ಅರವತ್ತು ದಾಟಿದವರು, ಏಕವಚನದಲ್ಲಿ ಮಾತನಾಡಿಸುವಂತಿಲ್ಲ. ತಂದೆಯ ಗದ್ದೆ, ತೋಟಗಳನ್ನು ನೋಡಿಕೊಂಡು ಊರಿನಲ್ಲಿಯೇ ಇದ್ದಾರೆ. ನನಗೆ ಮೆಲ್ಕಾರಿನ ಕವಲಿನಲ್ಲಿ ತಿಂಗಳಿಗೆರಡು ಸಲವಾದರೂ ಸಿಗುತ್ತಾರೆ. ‘ನಮಸ್ಕಾರ ಸರ್, ಬಸ್ಸಿಗೋ?’ ಎನ್ನುತ್ತಾರೆ. ಇಷ್ಟು ವರ್ಷಗಳಲ್ಲಿ ಆ ಸಂಜೆಯ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರು ಮರೆತಿರಬಹುದೆಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಆದರೆ ಕೊಲಂಬಸ್ಸಿನ ಆ ಬೇಲಿಯ ಬಳಿಯಿಂದ ಬಂದ ಮೇಲೆ ಆ ಸಮಾಧಾನ ಉಳಿಯಲಿಲ್ಲ. ಒಂದು ದಿನ ಬಸ್ಸು ತಡವಾದಾಗ ಮಿಚಿಗನ್ನಿನ ಕಥೆಯನ್ನು ಅವರಿಗೆ ಹೇಳಿದೆ. ಆರು–ನಾಲ್ಕು ಎಂದಾಗ ಅವರು ತಲೆಯೆತ್ತಿ ನನ್ನನ್ನು ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮದು ಮೂರು–ಎರಡಲ್ಲವೆ ಸರ್?’ ಎಂದರು. ಒಳಗೆ ನಡೆದ ಎಣಿಕೆ ಅವರಿಗೆ ಅಂದೇ ತಿಳಿದಿತ್ತು. ಕೊನೆಯ ಕೈ ಯಾರದೆಂಬುದೂ ತಿಳಿದಿತ್ತೆಂದು ನನಗೆ ಆಗ ಖಚಿತವಾಯಿತು.

ನಾನು ಏನೋ ಹೇಳಹೊರಟೆ. ಅಷ್ಟರಲ್ಲಿ ಬಸ್ಸು ಬಂತು. ಹತ್ತುವ ಮೊದಲು ಅವರು, ‘ಶನಿವಾರ ಕಂಬಳಕ್ಕೆ ಬನ್ನಿ ಸರ್. ನಾನು ಮಂಜೊಟ್ಟಿಯಲ್ಲಿರುತ್ತೇನೆ’ ಎಂದರು.

ಕಂಬಳದ ಕೆಲಸದಲ್ಲಿ ಅವರು ಬಹಳ ಕಾಲದಿಂದ ಇದ್ದಾರೆಂದು ನನಗೆ ಗೊತ್ತಿತ್ತು. ಫಲಿತಾಂಶವನ್ನು ನೋಡುವವರ ಜೊತೆಯಲ್ಲಿ ನಿಲ್ಲುವುದು ಅವರ ಪಾಲಿನ ಕೆಲಸ. ಲೇಸರಿನ ಕಿರಣ ಬರುವ ಮೊದಲು ಅದು ಬರೇ ಕಣ್ಣಿನ ಕೆಲಸವಾಗಿತ್ತು. ಎರಡೂ ಕಡೆಯ ಯಜಮಾನರ ಬೈಗುಳ ತಿನ್ನುವ ಕೆಲಸವೂ ಹೌದು. ನಾನು ಹೋದೆ. ನಮ್ಮ ತಾಲೂಕಿನದೇ ಒಂದು ಕಂಬಳ. ರಾತ್ರಿ ಕಳೆದು ಪೂರ್ವದಲ್ಲಿ ತುಸು ಬೆಳಕು ಮೂಡುವ ಹೊತ್ತಿಗೆ ಹಗ್ಗ ಹಿರಿಯ ವಿಭಾಗದ ಉಪಾಂತ್ಯ. ಎರಡು ಹೆಸರಾಂತ ಮನೆಗಳ ಕೋಣಗಳು. ನನಗೆ ಮಂಜೊಟ್ಟಿಯ ಪಕ್ಕದಲ್ಲಿಯೇ ಕುರ್ಚಿ ಹಾಕಿಸಿದ್ದರು.

ಗಂತಿನಲ್ಲಿ ಬಿಡುವುದಕ್ಕೇ ಬಹಳ ಹೊತ್ತಾಯಿತು. ಒಂದು ಜೊತೆ ನಿಂತರೆ ಇನ್ನೊಂದು ತಿರುಗುತ್ತಿತ್ತು. ಕೊನೆಗೆ ಬಿಟ್ಟರು. ದೂರದಲ್ಲಿ ನೀರು ಎದ್ದದ್ದು ಕಂಡಿತು, ಆಮೇಲೆ ಸದ್ದು ಕೇಳಿಸಿತು. ಅವು ನಮ್ಮ ಮುಂದೆ ಹಾದು ಮಣ್ಣಿನ ದಿಣ್ಣೆಯೇರಿದಾಗ ನನ್ನ ಕನ್ನಡಕಕ್ಕೆ ಕೆಸರು ಸಿಡಿದಿತ್ತು. ನಾನು ಒರೆಸಿಕೊಂಡು ನೋಡುವಷ್ಟರಲ್ಲಿ ಎರಡು ಕಡೆಯವರೂ ಗೆದ್ದೆವೆಂದು ಕುಣಿಯುತ್ತಿದ್ದರು. ಅವರು ಕುಣಿಯಲಿಲ್ಲ, ಕೂಗಲಿಲ್ಲ. ಯಂತ್ರದ ಬಳಿಗೆ ಹೋಗಿ ಬಗ್ಗಿ ನೋಡಿದರು. ಪಕ್ಕದವರನ್ನು ಕರೆದು ತೋರಿಸಿದರು. ಇಬ್ಬರು ಯಜಮಾನರ ಕಡೆಯವರನ್ನೂ ಕರೆದು ತೋರಿಸಿದರು. ಕೂಗಾಟ ಒಂದಿಷ್ಟು ನಡೆಯಿತು. ‘ಕಳೆದ ಸಲ ಗೆದ್ದವರು ನಾವು’ ಎಂದು ಯಾರೋ ಹೇಳಿದ್ದು ಕಿವಿಗೆ ಬಿತ್ತು. ಅವರು ಅತ್ತ ತಿರುಗಿ ಕೂಡ ನೋಡಲಿಲ್ಲ.

ಧ್ವನಿವರ್ಧಕದಲ್ಲಿ ‘ಸಮ–ಸಮ’ ಎಂದು ಬಂತು. ಜನ ಹೋ ಎಂದರು. ಬೆವರಿಳಿಯುತ್ತಿದ್ದ ಆ ಎರಡು ಜೊತೆ ಕೋಣಗಳ ಮೈಗೆ ನೀರೆರಚಿ, ಹಗ್ಗ ಹಿಡಿದು, ಕರೆಯ ಬದಿಯಿಂದ ಮತ್ತೆ ಗಂತಿನ ಕಡೆಗೆ ನಡೆಸಿಕೊಂಡು ಹೊರಟರು. ಹೊತ್ತು ಹಿಡಿಯುವ ಕೆಲಸ. ನಾನು ಎದ್ದು ನಿಂತಿದ್ದೆ. ಮೊದಲ ಬಸ್ಸಿನ ಹೊತ್ತಾಗುತ್ತ ಬಂದಿತ್ತು. ಅವರು ಬಂದು ನನ್ನ ಕುರ್ಚಿಯ ಕೆಸರನ್ನು ತಮ್ಮ ಹೆಗಲಿನ ಬೈರಾಸಿನಿಂದ ಒರೆಸಿದರು.

‘ಕುಳಿತುಕೊಳ್ಳಿ ಸರ್’ ಎಂದರು. ‘ಇನ್ನೊಮ್ಮೆ ಓಡುತ್ತವೆ.’